ಒಲವು, ಲಗ್ನ, ಚರ್ಚು: ಸಲಿಂಗಿಗಳ ಬಗ್ಗೆ ನಮ್ಮ ಸಭೆಗಳು ನಿಜಕ್ಕೂ ಏನು ಹೇಳುತ್ತವೆ?

2023ರ ಕ್ರಿಸ್‌ಮಸ್ ವಾರದಲ್ಲಿ ‘ಪೋಪ್ ಸಲಿಂಗ ಮದುವೆಗೆ ಒಪ್ಪಿಬಿಟ್ಟರಂತೆ’ ಎಂಬ ಸುದ್ದಿ ಮೊಬೈಲಿಂದ ಮೊಬೈಲಿಗೆ ಓಡಾಡಿತು. ಅದು ತಣ್ಣಗಾಗುವ ಹೊತ್ತಿಗೆ, 2024ರ ಮೇ ತಿಂಗಳಲ್ಲಿ ಇನ್ನೊಂದು ಬಂತು: ‘ಅಮೆರಿಕದ ಮೆಥಡಿಸ್ಟರೂ ಒಪ್ಪಿದರಂತೆ’. ಬೆಳಗಾವಿ ಕ್ಯಾಂಪಿನ ಕ್ಯಾಥೊಲಿಕರು, ಅದೇ ಊರಿನ ಮೆಥಡಿಸ್ಟರು, ಗುಳೇದಗುಡ್ಡ, ವಿಜಯಪುರ ಕಡೆಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಮನೆಯವರು, ಎಲ್ಲರಿಗೂ ಏಳುವ ಪ್ರಶ್ನೆ ಒಂದೇ. ಹಾಗಾದರೆ ನಮ್ಮ ಚರ್ಚಿನ ಮಾತೇನು?

ಮೊದಲ ಸುದ್ದಿ ತಪ್ಪು. ಎರಡನೆಯದು ನಿಜ, ಆದರೆ ಬೆಳಗಾವಿಗೆ ಅನ್ವಯಿಸುವುದಿಲ್ಲ. ಅದು ಹೇಗೆ ಅಂತ ತಿಳಿಯಬೇಕಾದರೆ ಸ್ವಲ್ಪ ಬುಡದಿಂದ ಬರಬೇಕು.

ಮಾತಾಡುತ್ತಿರುವುದು ಯಾರ ಬಗ್ಗೆ?

ಒಬ್ಬ ವ್ಯಕ್ತಿಗೆ ಪ್ರೀತಿ, ಆಸೆ, ಆಕರ್ಷಣೆ ಯಾರ ಕಡೆಗೆ ಹುಟ್ಟುತ್ತದೆ ಎನ್ನುವುದನ್ನು ಲೈಂಗಿಕ ಒಲವು ಎನ್ನುತ್ತಾರೆ. ಹೆಚ್ಚಿನವರಿಗೆ ಅದು ಗಂಡಿಗೆ ಹೆಣ್ಣಿನ ಕಡೆ, ಹೆಣ್ಣಿಗೆ ಗಂಡಿನ ಕಡೆ. ಕೆಲವರಿಗೆ ತಮ್ಮದೇ ಲಿಂಗದವರ ಕಡೆ. ಅವರನ್ನು ಸಲಿಂಗಿಗಳು ಎನ್ನುತ್ತೇವೆ. ಗಂಡಸರಾದರೆ ಗೇ, ಹೆಂಗಸರಾದರೆ ಲೆಸ್ಬಿಯನ್ ಎಂಬ ಮಾತು ಈಗ ಎಲ್ಲರಿಗೂ ಗೊತ್ತು. ಇಬ್ಬರ ಕಡೆಗೂ ಒಲವಿರುವವರು ದ್ವಿಲಿಂಗಿಗಳು. ಸಾಮಾನ್ಯವಾಗಿ ಇದು ಹರೆಯದಲ್ಲಿ ತಾನಾಗಿಯೇ ಅರಿವಿಗೆ ಬರುತ್ತದೆ. ಯಾರೂ ಕೂತು ಯೋಚಿಸಿ ಆರಿಸಿಕೊಳ್ಳುವುದಲ್ಲ.

ನಮ್ಮ ಭಾಗದಲ್ಲಿ ಒಂದು ಗೊಂದಲ ಜಾಸ್ತಿ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದವರೆಲ್ಲ ಜೋಗಪ್ಪಂದಿರನ್ನು ನೋಡಿರುತ್ತಾರೆ. ಗಂಡಾಗಿ ಹುಟ್ಟಿ, ಸೀರೆ ಉಟ್ಟು, ದೇವಿಯ ಸೇವೆಗೆ ನಿಂತವರು. ಹಾಗಾಗಿ ಸಲಿಂಗಿ ಅಂದ ಕೂಡಲೇ ಅವರೇ ಕಣ್ಣ ಮುಂದೆ ಬರುತ್ತಾರೆ. ಆದರೆ ಇವು ಬೇರೆ ಬೇರೆ. ‘ನಾನು ಗಂಡೋ ಹೆಣ್ಣೋ’ ಎಂಬುದು ಒಬ್ಬರ ಗುರುತಿನ ವಿಷಯ. ‘ನನ್ನ ಮನಸ್ಸು ಯಾರ ಕಡೆ ಎಳೆಯುತ್ತದೆ’ ಎಂಬುದು ಒಲವಿನ ವಿಷಯ. ಪ್ಯಾಂಟು ಶರ್ಟು ಹಾಕಿಕೊಂಡು, ಉದ್ಯಮಬಾಗದ ಫ್ಯಾಕ್ಟರಿಗೆ ಡ್ಯೂಟಿಗೆ ಹೋಗಿಬರುವ, ತನ್ನ ಗಂಡಸುತನದ ಬಗ್ಗೆ ಯಾವ ಅನುಮಾನವೂ ಇಲ್ಲದ ಹುಡುಗನೂ ಗೇ ಆಗಿರಬಹುದು.

ಇದು ಕಾಯಿಲೆಯೇ? ವೈದ್ಯಲೋಕದ ಉತ್ತರ ‘ಅಲ್ಲ’. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ ಇದನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ಕೈಬಿಟ್ಟಿತು. ಕಾರಣ ಏನು ಅಂದರೆ ಬೆರಳಿಟ್ಟು ತೋರಿಸುವಂಥದ್ದು ಇಲ್ಲ. 2019ರಲ್ಲಿ ಸುಮಾರು 4.77 ಲಕ್ಷ ಜನರ ವಂಶವಾಹಿ ನೋಡಿದ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ಸಲಿಂಗ ಸಂಬಂಧಕ್ಕೆ ಕಾರಣವಾದ ‘ಒಂದು ಜೀನ್’ ಅಂತ ಯಾವುದೂ ಇಲ್ಲ, ಅನೇಕ ಜೀನ್‌ಗಳ ಸಣ್ಣ ಸಣ್ಣ ಪ್ರಭಾವದ ಜೊತೆ ಬೇರೆ ಕಾರಣಗಳೂ ಸೇರುತ್ತವೆ ಎಂದು ಅದು ಹೇಳಿತು.

ಹಸಿವು, ಊಟ, ಪಂಕ್ತಿ

ಚರ್ಚಿನ ಮಾತುಗಳು ಅರ್ಥವಾಗದೆ ಹೋಗುವುದು ಇಲ್ಲಿಯೇ. ಮೂರು ಪ್ರಶ್ನೆಗಳನ್ನು ನಾವು ಒಂದೇ ಎಂದು ಕಲಸಿಬಿಡುತ್ತೇವೆ. ಒಲವು ಪಾಪವೇ? ಆ ಒಲವಿನಂತೆ ನಡೆದುಕೊಳ್ಳುವುದು ಪಾಪವೇ? ಅಂಥ ಜೋಡಿಗೆ ಚರ್ಚು ಮದುವೆ ಮಾಡಿಸುತ್ತದೆಯೇ?

ಲೆಂಟ್ ಕಾಲದ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ, ಮಾಂಸ ಮುಟ್ಟದ ಶುಕ್ರವಾರ ನೆನೆಸಿಕೊಳ್ಳಿ. ಪಕ್ಕದ ಮನೆಯಿಂದ ಮಟನ್ ಸಾರಿನ ವಾಸನೆ ಬಂದರೆ ಹಸಿವು ಕೆರಳುತ್ತದೆ. ಅದು ನಮ್ಮ ಕೈಯಲ್ಲಿಲ್ಲ, ಅದಕ್ಕಾಗಿ ಯಾರೂ ಪಾದ್ರಿಯ ಮುಂದೆ ತಪ್ಪೊಪ್ಪಿಕೊಳ್ಳುವ ಪಾಪನಿವೇದನೆಗೆ ಹೋಗುವುದಿಲ್ಲ. ಎದ್ದು ಹೋಗಿ ಉಣ್ಣುವುದು ಬೇರೆ ಮಾತು. ಊರೆಲ್ಲ ಕರೆದು ಪಂಕ್ತಿ ಹಾಕಿ ಬಡಿಸುವುದು ಇನ್ನೂ ಬೇರೆ. ಒಲವು, ನಡತೆ, ಮದುವೆ ಇವುಗಳ ನಡುವೆ ಹೆಚ್ಚಿನ ದೊಡ್ಡ ಸಭೆಗಳು ಎಳೆಯುವ ಗೆರೆ ಇಂಥದ್ದೇ.

ಹೋಲಿಕೆಗೆ ಒಂದು ಮಿತಿ ಇದೆ, ಅದನ್ನೂ ಹೇಳಿಬಿಡಬೇಕು. ಲೆಂಟ್ ನಲವತ್ತು ದಿನಕ್ಕೆ ಮುಗಿಯುತ್ತದೆ. ಇಲ್ಲಿ ಚರ್ಚು ಕೇಳುತ್ತಿರುವುದು ಬದುಕಿಡೀ ಉಪವಾಸ. ಈ ವಾದ ಇಷ್ಟು ಬಿಸಿಯಾಗಿರುವುದಕ್ಕೆ ಅದೇ ಕಾರಣ.

ಬೈಬಲಿನಲ್ಲಿ ಇರುವುದೆಷ್ಟು?

ಬಹಳ ಕಡಿಮೆ. ನೇರವಾಗಿ ಎತ್ತಿಕೊಳ್ಳುವ ಭಾಗಗಳು ಐದಾರೇ. ಆದಿಕಾಂಡ 19ರ ಸೊದೋಮಿನ ಕಥೆ. ಯಾಜಕಕಾಂಡ 18:22 ಮತ್ತು 20:13ರ ನಿಷೇಧ. ಹೊಸ ಒಡಂಬಡಿಕೆಯಲ್ಲಿ ಪೌಲನ ಹೆಸರಿನ ಪತ್ರಗಳು: ರೋಮಾಪುರದವರಿಗೆ 1:26-27, 1 ಕೊರಿಂಥ 6:9, 1 ತಿಮೊಥೆ 1:10. ನಾಲ್ಕು ಸುವಾರ್ತೆಗಳಲ್ಲಿ ಯೇಸು ಈ ವಿಷಯವನ್ನು ಹೆಸರಿಸಿ ಮಾತಾಡಿಲ್ಲ. ಆದರೆ ವಿಚ್ಛೇದನದ ಪ್ರಶ್ನೆ ಬಂದಾಗ, ದೇವರು ಆದಿಯಿಂದಲೇ ಗಂಡು ಹೆಣ್ಣಾಗಿ ಉಂಟುಮಾಡಿದನು, ಇಬ್ಬರೂ ಒಂದೇ ಶರೀರವಾಗುವರು ಎಂದು ಮತ್ತಾಯ 19ರಲ್ಲಿ ಹೇಳುತ್ತಾನೆ.

ಸಂಪ್ರದಾಯದ ಓದು ನಿಂತಿರುವುದು ಈ ಕೊನೆಯ ಮಾತಿನ ಮೇಲೆ. ಅಲ್ಲೊಂದು ಇಲ್ಲೊಂದು ವಚನ ಬಿಡಿ, ಆದಿಕಾಂಡದಿಂದ ಹಿಡಿದು ಮದುವೆ ಎಂದರೆ ಗಂಡು ಹೆಣ್ಣಿನದೇ ಅಲ್ವಾ ಎನ್ನುತ್ತದೆ ಅದು. ಪೌಲನ ಮಾತು ಸ್ಪಷ್ಟವಿದೆ, ಎರಡು ಸಾವಿರ ವರ್ಷ ಎಲ್ಲ ಸಭೆಗಳೂ ಹಾಗೇ ಓದಿವೆ ಎಂಬುದು ಅದರ ಬಲ.

ಇನ್ನೊಂದು ಓದು ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ಬೆಳೆದದ್ದು. ಸೊದೋಮಿನಲ್ಲಿ ನಡೆಯಲು ಹೊರಟದ್ದು ಊರಿಗೆ ಬಂದ ಅತಿಥಿಗಳ ಮೇಲೆ ಗುಂಪು ಅತ್ಯಾಚಾರ, ಪ್ರೀತಿಯ ಸಂಬಂಧವಲ್ಲ ಎಂದು ಅದು ತೋರಿಸುತ್ತದೆ. ಯೆಹೆಜ್ಕೇಲ 16:49 ಸೊದೋಮಿನ ಪಾಪ ಯಾವುದೆಂದು ಹೇಳುವಾಗ ಸೊಕ್ಕು, ಹೊಟ್ಟೆ ತುಂಬಿದ ಸುಖ, ಬಡವರಿಗೆ ಕೈ ನೀಡದಿರುವುದು ಇವನ್ನೇ ಎಣಿಸುತ್ತದೆ. ಪೌಲನ ಕಾಲದ ರೋಮ್‌ನಲ್ಲಿ ಯಜಮಾನರು ಗುಲಾಮ ಹುಡುಗರನ್ನು ಬಳಸಿಕೊಳ್ಳುವುದು ಮಾಮೂಲಾಗಿತ್ತು. ಪೌಲ ಬೈದದ್ದು ಅದನ್ನು, ಸಮಾನರಿಬ್ಬರ ಬಾಳ್ವೆ ಅವನ ಮನಸ್ಸಿನಲ್ಲೇ ಇರಲಿಲ್ಲ ಎಂಬುದು ಇವರ ವಾದ. ಸಂಪ್ರದಾಯದವರು ಇದಕ್ಕೂ ಉತ್ತರ ಕೊಡುತ್ತಾರೆ: ರೋಮಾಪುರದ ಪತ್ರದಲ್ಲಿ ಪೌಲ ಹೆಂಗಸರನ್ನೂ ಹೇಳುತ್ತಾನೆ, ಇಬ್ಬರಲ್ಲೂ ಪರಸ್ಪರ ಹೊತ್ತಿಕೊಂಡ ಆಸೆಯನ್ನು ಹೇಳುತ್ತಾನೆ, ಅಲ್ಲಿ ಗುಲಾಮರ ಮಾತೇ ಇಲ್ಲ ಎಂದು. ಈ ಉತ್ತರ ಹಗುರವಾದದ್ದಲ್ಲ. ಇವತ್ತಿನ ಪಂಡಿತರ ಜಗಳ ಹೆಚ್ಚಾಗಿ ನಡೆಯುವುದೂ ಈ ಎರಡು ವಚನಗಳ ಸುತ್ತಲೇ.

ಭಾನುವಾರದ ಪ್ರಸಂಗಗಳಲ್ಲಿ ಅಷ್ಟಾಗಿ ಬರದ ಇನ್ನೊಂದು ಭಾಗವಿದೆ. ಬೀಜ ಒಡೆಸಿಕೊಂಡವನು ದೇವರ ಸಭೆಗೆ ಸೇರಬಾರದು ಎಂದು ಧರ್ಮೋಪದೇಶಕಾಂಡ 23:1 ಹೇಳುತ್ತದೆ. ಆದರೆ ಅಪೊಸ್ತಲರ ಕೃತ್ಯಗಳು 8ರಲ್ಲಿ ಐಥಿಯೋಪ್ಯದ ರಾಣಿಯ ಅಂಥದೇ ಅಧಿಕಾರಿಗೆ ಫಿಲಿಪ್ಪ ದಾರಿಯಲ್ಲೇ ನೀರು ಕಂಡು ದೀಕ್ಷಾಸ್ನಾನ ಕೊಡುತ್ತಾನೆ. ಹೊರಗಿಟ್ಟವರನ್ನು ಒಳಗೆ ಕರೆದ ಈ ಘಟನೆಯನ್ನು ಎರಡೂ ಕಡೆಯವರು ಒಪ್ಪುತ್ತಾರೆ. ಅದರಿಂದ ಮದುವೆಯ ಬಗ್ಗೆ ಏನಾದರೂ ಹೊರಡುತ್ತದೆಯೇ ಎಂಬಲ್ಲಿ ಬೇರೆಯಾಗುತ್ತಾರೆ.

ರೋಮ್ ನಿಜಕ್ಕೂ ಹೇಳಿದ್ದೇನು?

ಬೆಳಗಾವಿ ಕ್ಯಾಥೊಲಿಕ್ ಧರ್ಮಪ್ರಾಂತ್ಯ ಹುಟ್ಟಿದ್ದು 1953ರಲ್ಲಿ. ಇಲ್ಲಿನ ಬಿಷಪರಾಗಲಿ ಫಾದರ್ ಆಗಲಿ ಈ ವಿಷಯದಲ್ಲಿ ಸ್ವಂತ ನಿಯಮ ಮಾಡುವಂತಿಲ್ಲ. ಬೋಧನೆ ಬರುವುದು ರೋಮ್‌ನಿಂದ.

1992ರ ‘ಕ್ಯಾಟೆಕಿಸಂ’ ಎಂಬ ಬೋಧನಾ ಪುಸ್ತಕದ 2357ರಿಂದ 2359ರವರೆಗಿನ ಮೂರು ಪರಿಚ್ಛೇದಗಳು ಇದಕ್ಕೇ ಮೀಸಲು. ಅವುಗಳ ಸಾರ ಹೀಗಿದೆ. ಸಲಿಂಗ ಸಂಭೋಗವನ್ನು ಯಾವ ಸಂದರ್ಭದಲ್ಲೂ ಒಪ್ಪಲಾಗದು. ಆ ಒಲವು ಸೃಷ್ಟಿಯ ಕ್ರಮಕ್ಕೆ ಹೊಂದುವಂಥದ್ದಲ್ಲ. ಆದರೆ ಆ ಒಲವಿರುವವರನ್ನು ಗೌರವ, ಕರುಣೆ, ಸೂಕ್ಷ್ಮದಿಂದ ಕಾಣಬೇಕು, ಅನ್ಯಾಯದ ತಾರತಮ್ಯದ ಸುಳಿವೂ ಇರಬಾರದು. ಅವರು ಬ್ರಹ್ಮಚರ್ಯದ ಬದುಕಿಗೆ ಕರೆಯಲ್ಪಟ್ಟವರು. ಒಲವು ಇರುವುದೇ ಪಾಪ ಎಂದು ಈ ಪುಸ್ತಕ ಎಲ್ಲೂ ಹೇಳುವುದಿಲ್ಲ. ಒಬ್ಬರು ಮೊದಲ ಸಾಲು ಮಾತ್ರ ಓದುತ್ತಾರೆ, ಇನ್ನೊಬ್ಬರು ಗೌರವದ ಸಾಲು ಮಾತ್ರ. ಪುಸ್ತಕದಲ್ಲಿ ಎರಡೂ ಒಂದೇ ಪುಟದಲ್ಲಿವೆ.

ಇನ್ನು ಆ 2023ರ ಸುದ್ದಿ. ಡಿಸೆಂಬರ್ 18ರಂದು ವ್ಯಾಟಿಕನ್ ‘ಫಿದೂಚಿಯಾ ಸುಪ್ಲಿಕಾನ್ಸ್’ ಎಂಬ ಘೋಷಣೆ ಹೊರಡಿಸಿತು. ಸಲಿಂಗ ಜೋಡಿ ಬಂದು ಆಶೀರ್ವಾದ ಕೇಳಿದರೆ ಪಾದ್ರಿ ಕೊಡಬಹುದು ಎಂದಿತು. ಆದರೆ ಷರತ್ತು ನೋಡಿ: ಪೂಜೆಯ ಭಾಗವಾಗಿ ಅಲ್ಲ, ಪುಸ್ತಕದ ವಿಧಿ ಇಲ್ಲ, ಮದುವೆಯ ಬಟ್ಟೆ ಇಲ್ಲ, ಸರ್ಕಾರಿ ಮದುವೆ ಸಮಾರಂಭದ ಜೊತೆ ಸೇರಿಸುವಂತಿಲ್ಲ. ಗಲಾಟೆ ಜೋರಾದ ಮೇಲೆ, 2024ರ ಜನವರಿ 4ರಂದು ವ್ಯಾಟಿಕನ್ ಇನ್ನೊಂದು ವಿವರಣೆ ಕೊಟ್ಟು, ಇದು ಹತ್ತು ಹದಿನೈದು ಸೆಕೆಂಡಿನ ಆಶೀರ್ವಾದ ಅಷ್ಟೇ ಎಂದಿತು. ಹೊಸ ಬೈಕ್ ತಂದಾಗ, ಪರೀಕ್ಷೆಗೆ ಹೊರಟಾಗ ಫಾದರ್ ತಲೆಯ ಮೇಲೆ ಕೈಯಿಟ್ಟು ಶಿಲುಬೆಯ ಗುರುತು ಹಾಕುತ್ತಾರಲ್ಲ, ಅಷ್ಟು. ಮದುವೆ ಎಂಬ ಮಾತೇ ಅಲ್ಲಿಲ್ಲ. ಅಷ್ಟನ್ನೂ ಆಫ್ರಿಕಾದ ಹೆಚ್ಚಿನ ಬಿಷಪರು ಒಪ್ಪಲಿಲ್ಲ.

ಉಳಿದವನ್ನು ಬೇಗ ಹೇಳುತ್ತೇನೆ. ಗೇ ಎಂಬ ಒಂದೇ ಕಾರಣಕ್ಕೆ ಪೂಜೆಯಲ್ಲಿ ಕೊಡುವ ಪರಮಪ್ರಸಾದ ನಿಲ್ಲುವುದಿಲ್ಲ, ಪ್ರಶ್ನೆ ಏಳುವುದು ನಡತೆಯ ಮೇಲೆ. 2023ರ ನವೆಂಬರಿನಲ್ಲಿ ಬಂದ ವ್ಯಾಟಿಕನ್ ಉತ್ತರದ ಪ್ರಕಾರ ಸಲಿಂಗ ಸಂಬಂಧದಲ್ಲಿರುವವರು ಬೇರೆಯವರ ಮದುವೆಗೆ ಸಾಕ್ಷಿಯಾಗಲು ಅಡ್ಡಿಯಿಲ್ಲ. ಪಾದ್ರಿಯಾಗುವುದು ಬೇರೆ. ಆಳವಾಗಿ ಬೇರೂರಿದ ಸಲಿಂಗ ಒಲವಿರುವವರನ್ನು ಸೆಮಿನರಿಗೆ ಸೇರಿಸಿಕೊಳ್ಳಬಾರದು ಎಂಬ 2005ರ ಸೂಚನೆ ಇದೆ. ‘ಸಲಿಂಗಿಯಾಗಿರುವುದು ಅಪರಾಧವಲ್ಲ’ ಎಂದು 2023ರಲ್ಲಿ ಪೋಪ್ ಫ್ರಾನ್ಸಿಸ್ ಹೇಳಿದರು. ಅದೇ ಮಾತಿನಲ್ಲಿ ಪಾಪ ಬೇರೆ, ಅಪರಾಧ ಬೇರೆ ಎಂದೂ ಬಿಡಿಸಿದರು. 2025ರ ಮೇ ತಿಂಗಳಲ್ಲಿ ಬಂದ ಪೋಪ್ 14ನೇ ಲಿಯೋ, ಮದುವೆಯ ಕುರಿತ ಬೋಧನೆ ಸದ್ಯಕ್ಕಂತೂ ಬದಲಾಗುವುದು ಕಾಣೆ ಎಂಬರ್ಥದಲ್ಲಿ ಮಾತಾಡಿದ್ದಾರೆ.

ಮೆಥಡಿಸ್ಟರು, ಸಿಎಸ್‌ಐ, ಮತ್ತೆ ಸ್ವತಂತ್ರ ಸಭೆಗಳು

ಬೆಳಗಾವಿಗೆ 1820ರಲ್ಲೇ ಲಂಡನ್ ಮಿಷನ್ನಿನವರು ಬಂದಿದ್ದರು. 20ನೇ ಶತಮಾನದ ಆರಂಭದಲ್ಲಿ ಆ ಕೆಲಸ ಅಮೆರಿಕನ್ ಮೆಥಡಿಸ್ಟರ ಕೈಗೆ ಬಂತು. ಅದಕ್ಕೇ ‘ಅಮೆರಿಕದ ಮೆಥಡಿಸ್ಟರು ಒಪ್ಪಿದರು’ ಅಂದರೆ ಇಲ್ಲಿ ಕಿವಿ ನಿಮಿರುತ್ತದೆ.

ಅಲ್ಲಿ ಆದದ್ದು ಇಷ್ಟು. ಯುನೈಟೆಡ್ ಮೆಥಡಿಸ್ಟ್ ಚರ್ಚು 1972ರಲ್ಲಿ, ಸಲಿಂಗ ನಡತೆ ಕ್ರೈಸ್ತ ಬೋಧನೆಗೆ ಹೊಂದುವುದಿಲ್ಲ ಎಂದು ಬರೆದುಕೊಂಡಿತ್ತು. ಜಗಳ ಬೆಳೆದು, 2019ರಿಂದ 2023ರೊಳಗೆ ಅಮೆರಿಕದ ಏಳು ಸಾವಿರಕ್ಕೂ ಹೆಚ್ಚು ಸಭೆಗಳು ಅದನ್ನು ಬಿಟ್ಟು ಹೋದವು. ಉಳಿದವರು 2024ರ ಮೇ ತಿಂಗಳಲ್ಲಿ ಆ ಸಾಲನ್ನು ತೆಗೆದುಹಾಕಿದರು. ಆದರೆ ಭಾರತದ ಮೆಥಡಿಸ್ಟ್ ಚರ್ಚು 1981ರಿಂದಲೇ ಸ್ವತಂತ್ರ. ಅದರ ನಿಯಮಪುಸ್ತಕ ಬೇರೆ, ಮಹಾಸಭೆ ಬೇರೆ. ಅಮೆರಿಕದಲ್ಲಿ ಕೈ ಎತ್ತಿದರೆ ಬೆಳಗಾವಿಯಲ್ಲಿ ಏನೂ ಬದಲಾಗುವುದಿಲ್ಲ.

ಗುಳೇದಗುಡ್ಡದ ಕಥೆಯೂ ಹೀಗೇ. ನೇಕಾರರ ಆ ಊರಿಗೆ ಸುವಾರ್ತೆ ತಂದವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು. ಆ ದೇಶದಲ್ಲಿ 2022ರ ಜುಲೈ 1ರಿಂದ ಸಲಿಂಗ ಮದುವೆ ಕಾನೂನುಬದ್ಧ. ಅಲ್ಲಿನ ಪ್ರೊಟೆಸ್ಟೆಂಟ್ ಸಭೆಗಳ ಒಕ್ಕೂಟ 2019ರಲ್ಲೇ ಬೆಂಬಲ ಕೊಟ್ಟಿತ್ತು. ಬಿತ್ತಿದವರ ಊರಿನಲ್ಲಿ ಒಂದು ತೀರ್ಮಾನ, ಬೆಳೆದವರ ಊರಿನಲ್ಲಿ ಇನ್ನೊಂದು. ಏಕೆಂದರೆ ಇಲ್ಲಿನ ಬಾಸೆಲ್ ಮಿಷನ್ ಸಭೆಗಳು ಸಿಎಸ್‌ಐಗೆ ಸೇರಿವೆ. ಸಿಎಸ್‌ಐಗೆ ತನ್ನದೇ ಸಿನೋಡ್ (ಆಡಳಿತದ ಮಹಾಸಭೆ) ಇದೆ, ಅದರ ಮದುವೆಯ ವಿಧಿ ಗಂಡು ಹೆಣ್ಣಿಗೆ ಮಾತ್ರ. ಸಿಎಸ್‌ಐ ಆಂಗ್ಲಿಕನ್ ಬಳಗದಲ್ಲೂ, ಅಂದರೆ ಇಂಗ್ಲೆಂಡಿನ ಚರ್ಚಿನ ಜೊತೆ ನಂಟಿರುವ ಸಭೆಗಳ ಬಳಗದಲ್ಲೂ ಇದೆ. ಆ ಬಳಗದ ಬಿಷಪರು 1998ರಲ್ಲಿ ಲ್ಯಾಂಬೆತ್ ಸಮ್ಮೇಳನದಲ್ಲಿ ಸಲಿಂಗ ನಡತೆ ಸತ್ಯವೇದಕ್ಕೆ ಹೊಂದದು, ಆದರೆ ಒಲವು ಯಾವುದೇ ಇರಲಿ, ಎಲ್ಲರ ಆರೈಕೆ ಸಭೆಯ ಕೆಲಸ ಎಂದು 526–70 ಮತಗಳಿಂದ ಗೊತ್ತುವಳಿ ಮಾಡಿದರು. ಇಂಗ್ಲೆಂಡಿನ ಚರ್ಚು 2023ರಲ್ಲಿ ಸಲಿಂಗ ಜೋಡಿಗಳಿಗಾಗಿ ಪ್ರಾರ್ಥನೆಗಳನ್ನು ಒಪ್ಪಿತು. ಅದು ಅವರ ಮನೆಯ ಮಾತು, ಸಿಎಸ್‌ಐಗೆ ಅದು ಆಜ್ಞೆಯಲ್ಲ.

ಪೆಂಟೆಕೋಸ್ಟ್ ಮತ್ತು ಸ್ವತಂತ್ರ ಸಭೆಗಳ ಬಗ್ಗೆ ಒಟ್ಟಾಗಿ ಹೇಳುವುದು ಕಷ್ಟ. ಹೆಚ್ಚಿನ ಕಡೆ ಸಂಪ್ರದಾಯದ ಓದೇ ನಡೆಯುತ್ತದೆ. ಮೇಲೆ ಸಿನೋಡಾಗಲಿ ರೋಮಾಗಲಿ ಇಲ್ಲದ ಕಡೆ ಪಾಸ್ಟರ್ ಹೇಳಿದ್ದೇ ಕೊನೆಯ ಮಾತು.

‘ಲಗ್ನ ಮಾಡಿದ್ರ ಎಲ್ಲಾ ಸರಿ ಹೋಗ್ತೈತಿ’

ನಮ್ಮ ಮನೆಗಳಲ್ಲಿ ಸಿದ್ಧಾಂತಕ್ಕಿಂತ ಮೊದಲು ಬರುವ ಮಾತು ಇದು. ಮಗ ಪುಣೆಯಲ್ಲೋ ಬೆಂಗಳೂರಲ್ಲೋ ಕೆಲಸದಲ್ಲಿದ್ದಾನೆ. ವಯಸ್ಸು ಮೂವತ್ತು ದಾಟಿತು. ಬಂದ ಸಂಬಂಧವೆಲ್ಲ ಬೇಡ ಎನ್ನುತ್ತಾನೆ. ಕೊನೆಗೊಂದು ರಾತ್ರಿ ತಾಯಿಗೆ ಮಾತ್ರ ಕಾರಣ ಹೇಳುತ್ತಾನೆ. ತಾಯಿ ಎರಡು ದಿನ ಅತ್ತು, ಮೂರನೇ ದಿನ ಹೆಣ್ಣು ನೋಡಲು ಹೊರಡುತ್ತಾಳೆ.

ಈ ಔಷಧಿಯನ್ನು ಯಾವ ಚರ್ಚಿನ ಪುಸ್ತಕವೂ ಬರೆದುಕೊಟ್ಟಿಲ್ಲ. ಕ್ಯಾಥೊಲಿಕರ ಕ್ಯಾಟೆಕಿಸಂ ಹೇಳುವುದು ಬ್ರಹ್ಮಚರ್ಯ, ಹೆಣ್ಣನ್ನು ಕಟ್ಟಿಕೊಂಡು ಸರಿಮಾಡಿಕೋ ಎಂದಲ್ಲ. ಅಷ್ಟೇ ಅಲ್ಲ, ಚರ್ಚಿನ ನಿಯಮಗಳ ಕಣ್ಣಲ್ಲಿ ಇಂಥ ಮದುವೆಯ ಬುಡವೇ ಅಲುಗಾಡುತ್ತಿರುತ್ತದೆ.

ಮದುವೆಗೆ ಮುಂಚೆ ಏನೇನು ನಡೆಯುತ್ತದೆ ನೋಡಿ. ದೀಕ್ಷಾಸ್ನಾನದ ಸರ್ಟಿಫಿಕೇಟ್ ತರಬೇಕು, ಮದುವೆ ತಯಾರಿಯ ಕೋರ್ಸ್ ಮುಗಿಸಬೇಕು. ಪೂಜೆಯ ಕೊನೆಗೆ ವಾರವಾರ ಹೆಸರು ಓದಿ, ಯಾರಿಗಾದರೂ ಅಡ್ಡಿ ಗೊತ್ತಿದ್ದರೆ ತಿಳಿಸಿ ಎನ್ನುತ್ತಾರೆ. ಅದಕ್ಕೆ ಮುಂಚೆ ಫಾದರ್ ಹುಡುಗನನ್ನೂ ಹುಡುಗಿಯನ್ನೂ ಬೇರೆ ಬೇರೆಯಾಗಿ ಕೂರಿಸಿ ಪ್ರಶ್ನೆ ಕೇಳುತ್ತಾರೆ. ನಿನ್ನ ಇಷ್ಟದಿಂದ ಒಪ್ಪಿದ್ದೀಯಾ? ಯಾರಾದರೂ ಒತ್ತಾಯ ಮಾಡಿದ್ದಾರಾ? ಏನನ್ನಾದರೂ ಮುಚ್ಚಿಟ್ಟಿದ್ದೀಯಾ? ಉತ್ತರ ಬರೆದು ಸಹಿ ಹಾಕಿಸುತ್ತಾರೆ. ಎಷ್ಟೋ ಕಡೆ ಇದು ಐದು ನಿಮಿಷದ ಶಾಸ್ತ್ರವಾಗಿಬಿಟ್ಟಿದೆ. ಆದರೆ ಅಪ್ಪ ಅಮ್ಮ ಪಕ್ಕದಲ್ಲಿಲ್ಲದೆ, ಬಾಗಿಲು ಹಾಕಿದ ಕೋಣೆಯಲ್ಲಿ, ‘ನನಗೆ ಇದು ಬೇಡ’ ಎನ್ನಲು ಆ ಹುಡುಗನಿಗೆ ಸಿಗುವ ಜಾಗ ಅದೊಂದೇ.

ಸುಮ್ಮನೆ ಸಹಿ ಹಾಕಿ ಮದುವೆಯಾದರೆ? ದಾಂಪತ್ಯವನ್ನೇ ಕಲಕುವಂಥ ವಿಷಯ ಮುಚ್ಚಿಟ್ಟು ಮೋಸದಿಂದ ಒಪ್ಪಿಗೆ ಪಡೆದರೆ, ಹೆದರಿಸಿ ಒಪ್ಪಿಸಿದರೆ, ಅಥವಾ ದಾಂಪತ್ಯದ ಮೂಲ ಹೊಣೆ ಹೊರಲು ಮನಸ್ಸಿಗೆ ಆಗದಿದ್ದರೆ ಮದುವೆ ಊರ್ಜಿತವೇ ಅಲ್ಲ ಎನ್ನುತ್ತದೆ ಕ್ಯಾಥೊಲಿಕ್ ಧರ್ಮಸಭೆಯ ಕಾನೂನು. ಚರ್ಚಿನ ನ್ಯಾಯಮಂಡಳಿಗಳು ಸಲಿಂಗ ಒಲವಿನ ಪ್ರಕರಣಗಳನ್ನು ಈ ಕಲಮುಗಳಡಿ ನೋಡುತ್ತವೆ. ಆದರೆ ಅಲ್ಲಿ ರದ್ದಾದರೆ ಸರ್ಕಾರಿ ಲೆಕ್ಕದಲ್ಲಿ ರದ್ದಾಗುವುದಿಲ್ಲ. ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಇದನ್ನು ಮತ್ತೆ ಖಚಿತಪಡಿಸಿದೆ. ಆ ಹೆಣ್ಣುಮಗಳು 1869ರ ವಿಚ್ಛೇದನ ಕಾಯ್ದೆ ಹಿಡಿದು ಕೋರ್ಟಿಗೂ ಅಲೆಯಬೇಕು. ‘ಸರಿ ಹೋಗ್ತೈತಿ’ ಎಂಬ ಮಾತಿನ ಖರ್ಚು ಕೊನೆಗೆ ಬೀಳುವುದು ಏನೂ ಗೊತ್ತಿಲ್ಲದೆ ಬಂದ ಸೊಸೆಯ ತಲೆಯ ಮೇಲೆ.

ಪ್ರಾರ್ಥನೆಯಿಂದ ಬದಲಾಗುತ್ತದೆಯೇ?

ಉಪವಾಸ ಪ್ರಾರ್ಥನೆ, ಬಿಡುಗಡೆ ಪ್ರಾರ್ಥನೆ, ಮೂರು ದಿನದ ಧ್ಯಾನಕೂಟ. ಮನೆಯವರು ಇವನ್ನೆಲ್ಲ ಮಾಡಿಸುತ್ತಾರೆ. ಪ್ರಾರ್ಥನೆ ಬೇಡ ಎಂದು ಯಾರೂ ಹೇಳುವುದಿಲ್ಲ. ಒಲವನ್ನೇ ತಿರುಗಿಸುತ್ತೇವೆ ಎಂಬ ಭರವಸೆಯ ಮಾತೇ ಬೇರೆ. ಅಮೆರಿಕದಲ್ಲಿ 1976ರಲ್ಲಿ ಹುಟ್ಟಿದ ‘ಎಕ್ಸೋಡಸ್ ಇಂಟರ್‌ನ್ಯಾಷನಲ್’ ಇದೇ ಉದ್ದೇಶದ ದೊಡ್ಡ ಕ್ರೈಸ್ತ ಸಂಸ್ಥೆಯಾಗಿತ್ತು. 2013ರಲ್ಲಿ ಅದರ ಮುಖ್ಯಸ್ಥ ಅಲನ್ ಚೇಂಬರ್ಸ್ ಜನರಿಗಾದ ನೋವಿಗೆ ಕ್ಷಮೆ ಕೇಳಿದರು, ಸಂಸ್ಥೆ ಬಾಗಿಲು ಹಾಕಿತು. ತಾವು ಕಂಡ ಬಹುಪಾಲು ಜನರ ಒಲವು ಬದಲಾಗಲಿಲ್ಲ ಎಂದು ಅವರೇ ಒಪ್ಪಿಕೊಂಡಿದ್ದರು.

ನಮ್ಮಲ್ಲಿ ಮದ್ರಾಸ್ ಹೈಕೋರ್ಟ್ 2021ರ ಜೂನ್ 7ರ ಆದೇಶದಲ್ಲಿ, ಒಲವು ಬದಲಿಸುವ ಚಿಕಿತ್ಸೆಯನ್ನು ನಿಲ್ಲಿಸಬೇಕು ಎಂದಿತು. ಅದರ ಬೆನ್ನಿಗೇ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಇಂಥ ಚಿಕಿತ್ಸೆ ವೈದ್ಯರಿಗೆ ವೃತ್ತಿದೋಷ ಎಂದು ರಾಜ್ಯಗಳ ವೈದ್ಯಕೀಯ ಮಂಡಳಿಗಳಿಗೆ ತಿಳಿಸಿತು. ಅಂದರೆ ಮಾತ್ರೆ ಕೊಟ್ಟೋ ಕರೆಂಟ್ ಕೊಟ್ಟೋ ಮಗನನ್ನು ಬದಲಿಸುತ್ತೇನೆ ಎನ್ನುವ ಡಾಕ್ಟರ ಮೇಲೆ ದೂರು ಕೊಡಬಹುದು.

ಕಾನೂನು ಎಲ್ಲಿ ನಿಂತಿದೆ?

ಬ್ರಿಟಿಷರ ಕಾಲದ ಐಪಿಸಿ 377ನೇ ಕಲಮು ಸಲಿಂಗ ಸಂಭೋಗವನ್ನು ಅಪರಾಧ ಮಾಡಿತ್ತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರಿಬ್ಬರು ಒಪ್ಪಿ ನಡೆಸುವುದು ಅಪರಾಧವಲ್ಲ ಎಂದಿತು. ಅದಕ್ಕೂ ಮುಂಚಿನ ಮೊಕದ್ದಮೆಯಲ್ಲಿ ಕೆಲವು ಕ್ರೈಸ್ತ ಸಂಘಟನೆಗಳು ಕಲಮು ಉಳಿಯಬೇಕೆಂದು ವಾದಿಸಿದ್ದವು. ಆದರೆ 2013ರಲ್ಲಿ ಮುಂಬೈನ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್, ಸಲಿಂಗ ಮದುವೆಗೆ ಚರ್ಚಿನ ವಿರೋಧವಿದೆ, ಸಲಿಂಗಿಗಳನ್ನು ಅಪರಾಧಿಗಳೆಂದು ಚರ್ಚು ಎಂದೂ ಕಂಡಿಲ್ಲ ಎಂದರು. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ, ಅದು ಶಾಸನಸಭೆಯ ಕೆಲಸ ಎಂದಿತು. ಹಾಗಾಗಿ ಜೊತೆಗೆ ಬಾಳಿದರೆ ಪೊಲೀಸರು ಕೇಸು ಹಾಕುವಂತಿಲ್ಲ, ಮದುವೆಯನ್ನು ನೋಂದಣಿ ಮಾಡಿಸಲೂ ಆಗುವುದಿಲ್ಲ.

ಫಾದರ್‌ಗೆ ಹೇಳಿದರೆ ಮನೆಗೆ ಗೊತ್ತಾಗುತ್ತದಾ?

ಹುಡುಗರು ನಿಜವಾಗಿ ಹೆದರುವುದು ಇದಕ್ಕೆ. ಕ್ಯಾಥೊಲಿಕರಲ್ಲಿ ಎರಡು ಸಂದರ್ಭಗಳನ್ನು ಬೇರೆ ಮಾಡಿ ನೋಡಬೇಕು. ಪಾಪನಿವೇದನೆಯಲ್ಲಿ ಹೇಳಿದ್ದನ್ನು ಪಾದ್ರಿ ಯಾರಿಗೂ, ತಂದೆತಾಯಿಗೂ, ಬಿಷಪರಿಗೂ ಹೇಳುವಂತಿಲ್ಲ. ಬೇಕೆಂದೇ ಹೇಳಿದರೆ ಅವರಿಗೆ ಬಹಿಷ್ಕಾರವೇ ಶಿಕ್ಷೆ. ಆದರೆ ಚರ್ಚಿನ ಅಂಗಳದಲ್ಲಿ, ಆಫೀಸಿನಲ್ಲಿ, ಚಹಾ ಕುಡಿಯುತ್ತಾ ಹೇಳಿಕೊಂಡದ್ದು ಪಾಪನಿವೇದನೆಯಲ್ಲ. ಅಲ್ಲಿ ಗುಟ್ಟು ಉಳಿಯುವುದು ಆ ಫಾದರ್ ಎಂಥವರು ಎಂಬುದರ ಮೇಲೆ. ಸಿಎಸ್‌ಐ ಅಯ್ಯನವರ ಹತ್ತಿರ, ಮೆಥಡಿಸ್ಟ್ ಪಾಸ್ಟರ್ ಹತ್ತಿರ ಮಾತಾಡಿದರೂ ಹಾಗೇ. ಗುಟ್ಟು ಕಾಯುವ ರೂಢಿ ಇದೆ, ಪಾಪನಿವೇದನೆಯಷ್ಟು ಬಿಗಿಯಾದ ಬೀಗ ಇಲ್ಲ. ‘ಇದು ನಮ್ಮಿಬ್ಬರಲ್ಲೇ ಇರಬೇಕು, ಆಗುತ್ತದಾ?’ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಚರ್ಚಿಗೆ ಸಂಬಂಧವಿಲ್ಲದವರ ಹತ್ತಿರ ಮಾತಾಡಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಒಲವಿನ ಕಾರಣಕ್ಕೆ ಚಿಕಿತ್ಸೆಯಲ್ಲಿ ತಾರತಮ್ಯ ಮಾಡಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಬರೆದಿದೆ. ಆ ಮಾತು ಬೆಂಗಳೂರಿನ ಆಸ್ಪತ್ರೆಗಳಿಗೆ ಎಷ್ಟು ಅನ್ವಯವೋ ಬಾಗಲಕೋಟೆ, ವಿಜಯಪುರದ ಸರ್ಕಾರಿ ದವಾಖಾನೆಗೂ ಅಷ್ಟೇ ಅನ್ವಯ.